ನಾಲ್ಕನ್ನು ಐದೆಂದು ಬರೆದ ಬೇಸಿಗೆ

ಕೆಡುಕು ಶುರುವಾದದ್ದು ಮಧ್ಯಾಹ್ನ ಹನ್ನೆರಡು ಗಂಟೆ ಮೂವತ್ತೇಳು ನಿಮಿಷಕ್ಕೆ. ಅನಾಹುತ ಆದದ್ದು ಆಮೇಲೆ, ಊಟ ಮುಗಿದ ಮೇಲೆ. ಅದರ ಹೊತ್ತು ನನಗೆ ಗೊತ್ತಿಲ್ಲ, ಆಗ ಯಾರೂ ಗಡಿಯಾರ ನೋಡಲಿಲ್ಲ. ಆದರೆ ಹನ್ನೆರಡು ಮೂವತ್ತೇಳು ಖಚಿತ. ಅದನ್ನು ನಾನೇ ಪೆನ್ಸಿಲ್ಲಿನಿಂದ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ: ‘ಐದನೆಯದು, 12-37’.

ಹೋದ ತಿಂಗಳು ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವಾಗ ರಸ್ತೆ ಅಗಲ ಮಾಡುವವರು ಬಂಡೆ ಹಾರಿಸುತ್ತೇವೆಂದು ನಮ್ಮ ಬಸ್ಸನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಆ ವಾಸನೆ ಬಂತು. ಸುಟ್ಟ ಮದ್ದು, ಬಿಸಿ ಕಲ್ಲಿನ ಪುಡಿ, ಅದರ ಹಿಂದೆ ಗಂಟಲಿಗೆ ಅಂಟುವಂಥ ಒಂದು ಸಿಹಿ. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಎಷ್ಟು ಹಾರಿದವು ಎಂದು ಕಂಡಕ್ಟರನನ್ನು ಕೇಳಿದೆ. ‘ನಿಮಗ್ಯಾಕ ಬೇಕ್ರಿ ಅಜ್ಜಾರ’ ಎಂದ. ಬೇಕಾಗಿತ್ತು. ಅಕ್ಕಲಕೋಟೆ ಬರುವ ತನಕ ನಾನು ಆ ಬಸ್ಸಿನಲ್ಲಿ ಇರಲಿಲ್ಲ, ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಒಂದು ಬಾವಿಯ ದಂಡೆಯ ಮೇಲೆ ಇದ್ದೆ.

ಆ ವರ್ಷ ನಾನು ಸೋಲಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಸುಮ್ಮನೆ ಕೂರುವ ಬದಲು ದಾವೀದಮಾವನ ಊರಿಗೆ ಹೋಗು ಎಂದು ಅವ್ವ ಕಳಿಸಿದಳು. ಮಾವ ಅವ್ವನ ತಮ್ಮ, ಅಕ್ಕಲಕೋಟೆ ತಾಲೂಕಿನಲ್ಲಿ ತಡವಳದ ಹತ್ತಿರದ ಹಳ್ಳಿಯೊಂದರ ಚರ್ಚಿನ ಪಾಸ್ಟರ್. ಇಪ್ಪತ್ತೆರಡು ಮನೆಗಳ ಸಭೆ. ಹಾಡು ಮರಾಠಿಯಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಎರಡರಲ್ಲೂ. ದೊಡ್ಡ ಬರ ದಾಟಿ ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ಕೈಲಾದವರೆಲ್ಲ ಬಾವಿ ಇಳಿಸುತ್ತಿದ್ದರು. ಚರ್ಚಿನ ಹೊಲದಲ್ಲಿದ್ದ ಬಾವಿಯನ್ನೂ ಆಳ ಮಾಡಿಸಲು ಮಾವ ಹೊರಟಿದ್ದ. ಊರಿನ ದೊಡ್ಡ ಬಾವಿಗೆ ನಮ್ಮ ಜನ ಕೊಡ ಇಳಿಸುವಂತಿರಲಿಲ್ಲ. ನಮ್ಮ ಬಾವಿಗೆ ಯಾರು ಬೇಕಾದರೂ ಇಳಿಸಲಿ ಎಂಬುದು ಮಾವನ ಹಟ.

ಬಾವಿ ತೋಡುವವನು ಭೀಮಣ್ಣ. ಕ್ರಿಸ್ತನ ಸಭೆಯವನಲ್ಲ, ಊರೂರು ತಿರುಗಿ ಬಂಡೆ ಒಡೆಯುವವನು. ಬೆಳಿಗ್ಗೆ ಆರಕ್ಕೆ ಮೂರು ಜನರೊಡನೆ ಇಳಿದರೆ ಒಬ್ಬ ಹಾರೆ ಹಿಡಿಯಬೇಕು, ಇನ್ನೊಬ್ಬ ಸುತ್ತಿಗೆಯಿಂದ ಅದರ ತಲೆಗೆ ಹೊಡೆಯಬೇಕು. ಮಧ್ಯಾಹ್ನದ ಹೊತ್ತಿಗೆ ಕರಿಕಲ್ಲಿನಲ್ಲಿ ನಾಲ್ಕೈದು ತೂತು ಬೀಳುತ್ತಿದ್ದವು. ಅವುಗಳಲ್ಲಿ ಮದ್ದು ತುಂಬಿ, ಒಂದೊಂದಕ್ಕೂ ಬೇರೆ ಬೇರೆ ಉದ್ದದ ಬತ್ತಿ ಇಟ್ಟು, ಬೀಡಿಯಿಂದ ಹೊತ್ತಿಸಿ ಮೇಲೆ ಹತ್ತಿ ಓಡಬೇಕು. ಇದಕ್ಕೆ ಅವರು ಸುರಂಗ ಹಾರಿಸುವುದು ಎನ್ನುತ್ತಿದ್ದರು. ಬತ್ತಿಯ ಉದ್ದ ಬೇರೆ ಬೇರೆ ಇರುವುದು ಎಣಿಸಲಿಕ್ಕೆ. ಎಲ್ಲ ಕೂಡಿ ಹಾರಿದರೆ ಎಷ್ಟು ಹಾರಿದವು, ಎಷ್ಟು ಉಳಿದವು ಎಂದು ತಿಳಿಯುವುದಿಲ್ಲ.

ಎಣಿಸುವುದಕ್ಕೂ ಅವರದೊಂದು ಪದ್ಧತಿ ಇತ್ತು. ಎಷ್ಟು ತೂತೋ ಅಷ್ಟು ಹರಳುಕಲ್ಲು ಕೈಯಲ್ಲಿ ಹಿಡಿದು, ಬಾವಿಯ ಮೇಲೆ ಕಣ್ಣಿಟ್ಟು ಒಬ್ಬರು ದೂರದಲ್ಲಿ ಕೂರಬೇಕು. ಸಪ್ಪಳ ಕೇಳಬೇಕು, ಬಾವಿಯಿಂದ ಧೂಳು ಏಳುವುದೂ ಕಾಣಬೇಕು, ಆಮೇಲೆ ಒಂದು ಹರಳು ಒಗೆಯಬೇಕು. ಕೈ ಬರಿದಾದರೆ ಇಳಿಯಬಹುದು. ಒಂದೇ ಒಂದು ಉಳಿದರೂ ಮರುದಿನ ಬೆಳಗಿನ ತನಕ ಬಾವಿಯ ಕಡೆ ಯಾರೂ ಸುಳಿಯಬಾರದು. ಭೀಮಣ್ಣನ ಅಪ್ಪನಿಗೆ ಅವನ ಅವ್ವ ಎಣಿಸುತ್ತಿದ್ದಳು. ಭೀಮಣ್ಣನಿಗೆ ಹೆಂಡತಿ ಯಲ್ಲವ್ವ.

ಆ ದಿನ ಯಲ್ಲವ್ವ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಅಕ್ಕಲಕೋಟೆಗೆ ಹೋಗಿದ್ದಳು.

‘ಬಿಎಸ್ಸಿ ಸಾಹೇಬ್ರ, ಇವತ್ತ ನೀವ ಎಣಸ್ರಿ’ ಎಂದ ಭೀಮಣ್ಣ. ‘ಐದರ ತನಕ ಎಣಿಸಾಕ ಬರ್ತೈತಲ್ಲ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಐದು ಹರಳು ಆರಿಸಿ ನನ್ನ ಅಂಗೈಯಲ್ಲಿ ಇಟ್ಟ. ನನ್ನ ಮಣಿಕಟ್ಟಿನಲ್ಲಿ ಅಪ್ಪ ಕೊಡಿಸಿದ ಹೊಸ ಗಡಿಯಾರ ಇತ್ತು. ಒಂದೊಂದು ಸುರಂಗದ ನಡುವೆ ಎಷ್ಟು ಸೆಕೆಂಡು ಹೋಗುತ್ತದೆ, ಬತ್ತಿ ಎಷ್ಟು ವೇಗದಲ್ಲಿ ಉರಿಯುತ್ತದೆ ಎಂದು ಲೆಕ್ಕ ಹಾಕುವ ಹುಚ್ಚು ನನಗೆ. ಪೆನ್ಸಿಲ್ ಹಿಡಿಯಲು ಕೈ ಬೇಕಾಯಿತು. ಹರಳುಗಳನ್ನು ಕೆಳಗಿಟ್ಟೆ.

‘ಸುರಂಗ ಐತೋ! ದೂರ ಸರೀರೋ!’ ಎಂದು ಕೂಗುತ್ತ ಭೀಮಣ್ಣ ಹತ್ತಿ ಬಂದು ಬೇವಿನ ಮರದ ಹಿಂದೆ ಹೋದ. ಒಂದು, ಎರಡು, ಮೂರು, ನಾಲ್ಕು. ಪ್ರತಿ ಸಪ್ಪಳಕ್ಕೂ ಮುಳ್ಳು ಎಲ್ಲಿದೆ ಎಂದು ನೋಡಿ ಬರೆದೆ. ಕಣ್ಣು ಗಡಿಯಾರದ ಮೇಲಿತ್ತು, ಬಾವಿಯ ಮೇಲಲ್ಲ. ಮತ್ತೊಂದು ಸಪ್ಪಳ ಕೇಳಿತು. ಹನ್ನೆರಡು ಮೂವತ್ತೇಳು. ಬರೆದೆ.

‘ಐದೂ ಆದ್ವು!’ ಎಂದು ಕೂಗಿದೆ.

ಭೀಮಣ್ಣ ಮರದ ಹಿಂದಿನಿಂದ ಬಂದು ಕಿವಿ ಓರೆ ಮಾಡಿ ನಿಂತ. ‘ಐದಾದ್ವಾ? ಖರೇ?’

‘ಟೈಮ್ ಸುದ್ದಾ ಬರದೀನಿ, ನೋಡು.’

ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಪುಟವನ್ನು ನೋಡಿದ. ‘ಬರದೀರಿ ಅಂದಮ್ಯಾಲ ಮುಗೀತು ಬಿಡ್ರಿ’ ಎಂದು ರೊಟ್ಟಿಯ ಗಂಟು ಬಿಚ್ಚಿದ.

ಊಟ ಆಯಿತು. ಹೊಗೆ ಇಳಿಯಿತು. ಮೊದಲು ತಾನೊಬ್ಬನೇ ಇಳಿದು ಸಡಿಲಾದ ಕಲ್ಲು ಕೆಡವುವುದು ಅವನ ರೂಢಿ. ನಾನು ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ‘ಸಾಹೇಬ್ರ, ಕಾಲು ಮ್ಯಾಲ ತಗೋರಿ, ಚಪ್ಪಲಿ ಬಿದ್ದು ಸತ್ತಾನ ಭೀಮ್ಯಾ ಅನ್ನೂದು ಬ್ಯಾಡ’ ಎಂದು ಕೆಳಗಿನಿಂದ ಅಂದ. ನಾನು ಕಾಲು ಮೇಲೆ ಎಳೆದುಕೊಂಡೆ. ಅವನ ಹಾರೆ ಕಲ್ಲಿಗೆ ತಾಗಿದ್ದು ಕೇಳಿತು. ಆಮೇಲೆ ಬಾವಿಯೇ ಮೇಲಕ್ಕೆ ಬಂತು.

ಕಣ್ಣು ಬಿಟ್ಟಾಗ ನಾನು ನಾಲ್ಕು ಮಾರು ಹಿಂದೆ ಬಿದ್ದಿದ್ದೆ. ಕಿವಿಯಲ್ಲಿ ಒಂದು ಉದ್ದನೆಯ ಸೀಟಿ. ಒಂದು ಕಲ್ಲು ಕೆನ್ನೆ ಸವರಿ ಹೋಗಿತ್ತು. ಅಂಗಿಯ ಮೇಲೆ ರಕ್ತ, ನನ್ನದು. ಆಮೇಲಿನ ಗಳಿಗೆಯನ್ನು ನಾನು ಸಾವಿರ ಸಲ ನೋಡಿದ್ದೇನೆ, ಈಗಲೂ ನೋಡುತ್ತೇನೆ. ಬಲಗಡೆ, ಎರಡು ಹೊಲ ಆಚೆ, ಪಾಟೀಲರ ಬಾವಿಯ ಮೇಲೆ ಜನ ನಿಂತು ನಮ್ಮ ಕಡೆ ನೋಡುತ್ತಿದ್ದರು. ಅವರ ಬಾವಿಯ ಸುತ್ತ ಹೊಸ ಕಲ್ಲು ಚೆಲ್ಲಿತ್ತು. ಮಧ್ಯಾಹ್ನದ ಊಟದ ಹೊತ್ತಿಗೇ ಎಲ್ಲ ಬಾವಿಯವರೂ ಸುರಂಗ ಹಾರಿಸುತ್ತಾರೆ. ನಾನು ಬರೆದ ಐದನೆಯದು ಅವರದ್ದು. ನಮ್ಮದರಲ್ಲಿ ಹಾರಿದ್ದು ನಾಲ್ಕೇ, ಐದನೆಯದನ್ನು ಭೀಮಣ್ಣ ಹಾರೆಯಿಂದ ಕೆಣಕಿದ್ದ. ಅಂದರೆ ಈಗ ಬಾವಿಯಲ್ಲಿ ಏನೂ ಉಳಿದಿಲ್ಲ, ಯಾರಾದರೂ ಇಳಿಯಬಹುದು. ಇಷ್ಟೂ ನನಗೆ ಒಂದೇ ಉಸಿರಿನಲ್ಲಿ ತಿಳಿಯಿತು.

ಕೆಳಗಿನಿಂದ ‘ಯವ್ವಾ’ ಎಂಬ ದನಿ ಬರುತ್ತಿತ್ತು. ಮೂರು ಜನ ಕೆಲಸಗಾರರು ಅಂಚಿನಿಂದ ಹಿಂದೆ ಸರಿದಿದ್ದರು.

‘ಎಣಿಕಿ ತಪ್ಪೈತಿ’ ಎಂದ ಒಬ್ಬ. ‘ಇನ್ನೆಷ್ಟ ಅದಾವೋ ಯಾರಿಗ್ಗೊತ್ತು. ಈಗ ಇಳಿಯೂದಿಲ್ಲ.’

ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಹೇಳಿದರೆ ತಪ್ಪು ಎಣಿಸಿದ್ದನ್ನು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಬಾಯಿ ಮುಚ್ಚಿದೆ.

ಅಷ್ಟರಲ್ಲಿ ದಾವೀದಮಾವ ಚರ್ಚಿನ ಕಡೆಯಿಂದ ಓಡಿ ಬಂದ. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಕೈಗೆ ಪಲ್ಯ ಹಾಗೇ ಅಂಟಿತ್ತು. ‘ಇನ್ನೆಷ್ಟ ಅದಾವ?’ ಎಂದು ಕೇಳಿದ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

‘ಸಮ್ಯಾ, ಹಗ್ಗ ಹಿಡಿ’ ಎಂದು ನನಗೆ ಹೇಳಿದ. ಧೋತರ ಎತ್ತಿ ಕಟ್ಟಿ, ಹೊಗೆಯೊಳಗೆ ಇಳಿದುಬಿಟ್ಟ.

ಭೀಮಣ್ಣನನ್ನು ತೊಟ್ಟಿಲಿನಂತೆ ಹಗ್ಗ ಕಟ್ಟಿ ಮೇಲೆ ತಂದೆವು. ಬಲಗಣ್ಣು ಇದ್ದ ಜಾಗ ನೋಡಲಾಗುತ್ತಿರಲಿಲ್ಲ. ಎಡಗೈಯ ಎರಡು ಬೆರಳು ಹೋಗಿದ್ದವು, ಎದೆಯ ತುಂಬ ಕಲ್ಲಿನ ಚೂರು. ಚಕ್ಕಡಿಯಲ್ಲಿ ಡಾಂಬರ ರಸ್ತೆಗೆ ತಂದು ಎಸ್.ಟಿ. ಬಸ್ಸಿಗೆ ಕೈ ಮಾಡಿದೆವು. ಕಂಡಕ್ಟರ್ ಒಮ್ಮೆ ನೋಡಿ, ‘ಆಧೀ ತ್ಯಾಲಾ ಆತ ಘ್ಯಾ’, ಮೊದಲು ಅವನನ್ನು ಒಳಗೆ ತಗೊಳ್ಳಿ, ಎಂದು ಮರಾಠಿಯಲ್ಲಿ ಕೂಗಿ ಹಿಂದಿನ ಸೀಟು ಖಾಲಿ ಮಾಡಿಸಿದ. ಬಸ್ಸು ಅಕ್ಕಲಕೋಟೆಯ ನಿಲ್ದಾಣದಲ್ಲಿ ನಿಂತಾಗ ಯಾರೋ ಓಡಿಹೋಗಿ ಯಲ್ಲವ್ವನಿಗೆ ಸುದ್ದಿ ಮುಟ್ಟಿಸಿದರು. ತೊಟ್ಟಿಲ ಕಾರ್ಯದ ಹೊಸ ಕುಪ್ಪಸದಲ್ಲೇ ಅವಳು ಬಸ್ಸು ಹತ್ತಿದಳು. ಸೋಲಾಪುರದ ತನಕ ಒಂದೇ ಮಾತು: ‘ನಾ ಹೋಗಬಾರದಿತ್ತು. ನಾ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ.’ ನಾನು ಎದುರಿನ ಸೀಟಿನಲ್ಲೇ ಕೂತಿದ್ದೆ. ಹರಿದು ಮಡಿಚಿದ ಆ ಪುಟ ನನ್ನ ಜೇಬಿನಲ್ಲಿತ್ತು.

ಉಳಿಯುತ್ತಾನೋ ಇಲ್ಲವೋ ಎಂದು ಒಂಬತ್ತು ದಿನ ಡಾಕ್ಟರು ಹೇಳಲಿಲ್ಲ. ಜ್ವರ ಏರುತ್ತಿತ್ತು, ಇಳಿಯುತ್ತಿತ್ತು. ಊರಿನವರು ‘ಸುರಂಗ ಮೋಸ ಮಾಡ್ತು, ನಸೀಬ’ ಎಂದರು. ನನ್ನನ್ನು ಯಾರೂ ಬೈಯಲಿಲ್ಲ. ಓದಿದವನು ಎಣಿಸಿದ್ದಾನೆ ಎಂದರೆ ತಪ್ಪು ಮದ್ದಿನದೇ ಇರಬೇಕು ಎಂದು ಅವರ ಲೆಕ್ಕ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಕಣ್ಣು ಮುಚ್ಚಿದರೆ ಹಾರೆ ಕಲ್ಲಿಗೆ ತಾಗುವ ಸದ್ದು. ನಿದ್ರೆ ಹೋಯಿತು. ನಾನು ಊಟವನ್ನೂ ಬಿಟ್ಟೆ. ಬಿಡಬೇಕೆಂದು ಯೋಚಿಸಿ ಬಿಟ್ಟದ್ದಲ್ಲ, ತುತ್ತು ಬಾಯಿಗೆ ಹೋದರೆ ಏನೋ ಕದ್ದ ಹಾಗೆ ಅನಿಸುತ್ತಿತ್ತು. ಬೆಳಗಿನಿಂದ ಸಂಜೆಯ ತನಕ ವಾರ್ಡಿನಲ್ಲೇ ಇರುತ್ತಿದ್ದೆ. ಭೀಮಣ್ಣನ ಬಟ್ಟೆ ಒಗೆದೆ, ಕಾಲು ಒತ್ತಿದೆ, ಬೆಡ್‌ಪ್ಯಾನ್ ತೊಳೆದೆ, ಪಕ್ಕದ ಹಾಸಿಗೆಯವರದ್ದನ್ನೂ ತೊಳೆದೆ. ಸಿಸ್ಟರ್ ಒಬ್ಬರು ಅಪ್ಪನಿಗೆ, ‘ನಿಮ್ಮ ಮಗ ದೇವರಂಥವನು’ ಎಂದರಂತೆ. ಆಮೇಲೆ ಆ ಸಿಸ್ಟರ್ ಬಂದರೆ ನಾನು ಮುಖ ತಪ್ಪಿಸಿಕೊಂಡು ಹೊರಗೆ ಹೋಗುತ್ತಿದ್ದೆ.

ಮಾವ ವಾರಕ್ಕೆರಡು ಸಲ ಬಂದು ಹೋಗುತ್ತಿದ್ದ. ಬಿಸಿ ಕಲ್ಲು ತಾಗಿ ಅವನ ಮೊಣಕೈ ಬೊಬ್ಬೆ ಎದ್ದಿತ್ತು. ಆಸ್ಪತ್ರೆಯ ಅಂಗಳದಲ್ಲಿ ಚಹಾ ಕುಡಿಯುವಾಗ ಕೇಳಿದೆ. ‘ಮಾವ, ಕೆಳಗ ಇನ್ನೊಂದು ಇದ್ದಿದ್ರ?’

‘ಇದ್ದಿದ್ರ ಅಂತ ವಿಚಾರ ಮಾಡಿದ್ರ ಇಳೀತಿದ್ದಿಲ್ಲ. ಕಾಲು ನಡಗಾಕತ್ತಿದ್ವು ಲೇ. ನಿಮ್ಮ ಅತ್ತಿ ಮುಂದ ಹೇಳಬ್ಯಾಡ.’

ನಾನು ಅಲ್ಲೇ ಎಲ್ಲ ಹೇಳಿದೆ. ಪಾಟೀಲರ ಬಾವಿ, ಗಡಿಯಾರ, ಕೆಳಗಿಟ್ಟ ಹರಳು. ಬಾವಿ ಖಾಲಿ ಎಂದು ತಿಳಿದೂ ಬಾಯಿ ಮುಚ್ಚಿಕೊಂಡು ಅವನನ್ನು ಸಾವಿನ ಭಯದಲ್ಲಿ ಇಳಿಸಿದ್ದು. ಪುಟ ತೆಗೆದು ಬೆಂಚಿನ ಮೇಲಿಟ್ಟೆ. ಮಾವನ ಚಹಾ ಆರಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ಕಾಯುತ್ತಿದ್ದೆ.

‘ದೇವರು ಏನಂತ ಬರಕೊಂಡಿರ್ತಾನ ಮಾವ, ನನ್ನ ಹೆಸರಿನ ಮುಂದ?’

‘ದಂಡಿ ಮ್ಯಾಲ ನಿಂತು ಬರಕೊಳ್ಳೂ ದೇವರು ನನಗ ಗೊತ್ತಿಲ್ಲಪಾ’ ಎಂದ ಮಾವ. ‘ನನಗ ಗೊತ್ತಿರಾಂವ ಇಳಿದು ಬಂದಾಂವ. ಇನ್ನೆಷ್ಟ ಅದಾವ ಅಂತ ಕೇಳದ ಇಳಿದಾಂವ. ನಾ ಏನ್ ದೊಡ್ಡಾಂವ, ಅವನ್ನ ನೋಡಿ ಹೆದರಿಕೋತ ಒಂದ್ ಬಾವಿ ಇಳಿದೆ, ಅಷ್ಟ.’ ಆಮೇಲೆ ಪುಟವನ್ನು ಮಡಿಚಿ ನನ್ನ ಕೈಗೇ ಕೊಟ್ಟ. ‘ಇದನ್ನ ಹೇಳಬೇಕಾದ್ದು ನನಗಲ್ಲ.’

ಹೇಳಲು ಮತ್ತೆ ಹದಿನೈದು ದಿನ ಬೇಕಾಯಿತು. ಅಷ್ಟರಲ್ಲಿ ಭೀಮಣ್ಣ ಕೂತು ಗಂಜಿ ಕುಡಿಯುವಷ್ಟಾಗಿದ್ದ. ಒಂದು ಮಧ್ಯಾಹ್ನ ಯಲ್ಲವ್ವ ಅವನ ತಲೆ ಬಾಚುತ್ತಿದ್ದಳು. ನಾನು ಹಾಸಿಗೆಯ ಕಾಲ ಬಳಿ ನಿಂತು, ಪಾಠ ಒಪ್ಪಿಸುವವನಂತೆ ಹೇಳಿಬಿಟ್ಟೆ.

ಬಾಚಣಿಗೆ ನಿಂತಿತು. ಯಲ್ಲವ್ವ ನನ್ನ ಕಡೆ ತಿರುಗಲಿಲ್ಲ. ಭೀಮಣ್ಣ ಉಳಿದ ಒಂದು ಕಣ್ಣಿನಿಂದ ಮೇಲಿನ ಛಾವಣಿ ನೋಡುತ್ತ ಹೇಳಿದ: ‘ನಮ್ಮ ಬಾವ್ಯಾಗ ನನಗೂ ನಾಕ ಕೇಳಿಸಿದ್ವು.’

‘ಏನು?’

‘ನಾಕ ಅಂತ ನನ್ನ ಕಿವಿ ಹೇಳ್ತು. ಹದಿನೆಂಟ ವರ್ಷ ಸುರಂಗ ಕೇಳಿದ ಕಿವಿ ಇದು. ಆದ್ರ ನೀವ ಬರದಿದ್ರಿ. ಬರದಾಂವ ಸುಳ್ಳ ಹೆಂಗ ಆಗ್ತಾನ ಅಂತ ನನ್ನ ಕಿವೀನ ಸುಳ್ಳ ಅಂದೆ. ನನ್ನ ಕಿಮ್ಮತ್ತು ನಾನ ಕಡಿಮಿ ಮಾಡಿಕೊಂಡೆ. ಅದಕ್ಕ ನನಗ ನಿದ್ದಿ ಬರವಲ್ದು’ ಎಂದ.

ಅವನು ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಯಲ್ಲವ್ವ ಮಾತ್ರ ಎದ್ದು ಬಂದು ನನ್ನ ಕೈಯಲ್ಲಿದ್ದ ಗಂಜಿಯ ಡಬ್ಬಿ ಕಸಿದುಕೊಂಡಳು. ‘ಐದ ಹರಳ ಹಿಡಿಯಾಕ ಆಗಲಿಲ್ಲೇನು ನಿನಗ? ಐದ?’ ಎಂದಳು. ‘ಮಾರಿ ತೋರಸಬ್ಯಾಡ.’

ನಾನು ಮರುದಿನವೂ ಹೋದೆ, ಅದರ ಮರುದಿನವೂ. ಬಾಗಿಲ ಹೊರಗೆ ಕೂತೆ. ಊಟ ಇನ್ನೂ ಕಡಿಮೆಯಾಯಿತು. ಕೊರಳ ಕೆಳಗಿನ ಎಲುಬು ಎದ್ದು ಕಾಣುತ್ತಿತ್ತು. ಅವ್ವ ಹೆದರಿ ಊರಿನಿಂದ ಎಸ್ತೇರತ್ತಿಯನ್ನು ಕರೆಸಿದಳು. ಅತ್ತಿ ಮಾವನ ಹೆಂಡತಿ. ಚರ್ಚಿನ ಉಪದೇಶ ಮಾವನದು, ಪೆಟ್ಟು ಅತ್ತಿಯದು ಎಂದು ಸಭೆಯಲ್ಲಿ ಮಾತಿತ್ತು. ಬಂದವಳೇ ಆಸ್ಪತ್ರೆಗೆ ಹೋಗಿ ಯಲ್ಲವ್ವನ ಜೊತೆ ಒಂದು ತಾಸು ಕೂತು ಬಂದಳು. ಆಮೇಲೆ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ನನ್ನನ್ನು ಎದುರಿಗೆ ಕೂರಿಸಿದಳು.

‘ಯಲ್ಲವ್ವ ಏನಂತಾಳ ಗೊತ್ತೈತೇನು? ಈ ಹುಡುಗ ಹೊರಗ ಹೆಣದಂಗ ಕುಂದರ್ತಾನ, ಅವನ್ನ ನೋಡಿ ನನ್ನ ಗಂಡಗ ಗಂಜಿ ಇಳಿಯವಲ್ದು ಅಂತಾಳ. ಬ್ಯಾನಿ ಅವರದು, ಅದ್ರಾಗ ನಿನ್ನ ಬ್ಯಾನೀನೂ ಅವರ ಹೊರಬೇಕೇನು?’

‘ನಾನು ಸೇವಾ ಮಾಡಾಕ ಹೊಂಟೀನಿ ಅತ್ತಿ.’

‘ಸೇವಾ ಅಲ್ಲ ಅದು. ನಿನ್ನ ನೀ ಬಡಕೊಳ್ಳಾಕ ಅವರ ಬಾಗಿಲಿಗಿ ಹೋಗ್ತಿ.’

‘ಮಗ್ಗಲಿನವರನ್ನ ಪ್ರೀತಿ ಮಾಡು ಅಂತ ಮಾವನ ಹೇಳ್ತಾನಲ್ಲ.’

ಅತ್ತಿ ರೊಟ್ಟಿ ತಿರುವಿ ಹಾಕಿದಳು. ‘ಅರ್ಧಾ ಹೇಳಬ್ಯಾಡ. ನಿನ್ನ ನೀ ಪ್ರೀತಿ ಮಾಡಿದಂಗ ಅವರನ್ನ ಪ್ರೀತಿ ಮಾಡು ಅಂತೈತಿ ಬೈಬಲ್ಲು. ನೀ ನಿನ್ನ ಪ್ರೀತಿ ಮಾಡಾಕತ್ತಿದಂಗ ಭೀಮಣ್ಣನ್ನ ಪ್ರೀತಿ ಮಾಡಿದ್ರ ಅಂವ ಎಂಟ ದಿನದಾಗ ಹಸ್ತು ಸಾಯ್ತಾನ.’

ನನಗೆ ನಗು ಬಂತು. ಬರಬಾರದಿತ್ತು, ಬಂತು. ನಗುತ್ತ ನಗುತ್ತ ಅಳು ಬಂತು. ಅತ್ತಿ ಸಮಾಧಾನ ಮಾಡಲಿಲ್ಲ. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮುಂದೆ ತಳ್ಳಿದಳು. ‘ದೇವರು ಪ್ರೀತಿ ಮಾಡಿದ ಜೀವ ಅದು. ಹಸಿವಿಲೆ ಕೊಲ್ಲಾಕ ನಿನಗ ಅಧಿಕಾರ ಯಾರ ಕೊಟ್ಟಾರ? ಉಣ್ಣು. ಉಂಡು ಹೋಗಿ ಏನ್ ಮಾಡ್ತಿ ಮಾಡು.’

ಎರಡು ರೊಟ್ಟಿ ತಿಂದೆ. ಅದರಿಂದ ಎಲ್ಲ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಂದೂ ನಿದ್ರೆ ಬರಲಿಲ್ಲ. ಆದರೆ ಮರುದಿನ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಬಾಗಿಲ ಹೊರಗೆ ಕೂರದೆ ಒಳಗೆ ಹೋಗಿ, ‘ಭೀಮಣ್ಣ, ಇವತ್ತ ಏನ್ ಬೇಕು?’ ಎಂದು ಕೇಳಿದೆ. ಅದುವರೆಗೆ ನಾನು ಅವನನ್ನು ಹಾಗೆ ಕೇಳಿಯೇ ಇರಲಿಲ್ಲ. ನನಗೆ ತೋಚಿದ್ದನ್ನು ಮಾಡುತ್ತಿದ್ದೆ.

ಅವನು ಯೋಚಿಸಿದ. ‘ಬೆಡ್‌ಪ್ಯಾನ್ ಸಾಕ್ರಿ. ಇಡೀ ವಾರ್ಡ್ ನಗತೈತಿ’ ಎಂದ. ‘ನನ್ನ ಹೆಸರ ಬರಿಯೂದ ಕಲಸ್ರಿ. ಇನ್ನೊಬ್ರು ಬರದದ್ದ ನಂಬಿ ಸಾಕಾಗೈತಿ.’

ಮೂರು ವಾರ ಕಲಿಸಿದೆ. ಅವನು ಹುಷಾರು, ನಾನು ಕೆಟ್ಟ ಮಾಸ್ತರ. ‘ಭೀ’ ಎಂಬ ಅಕ್ಷರ ಹೊಟ್ಟೆ ಬಂದ ನಮ್ಮ ಮಾವನ ಹಾಗಿದೆ ಎಂದು ಅವನು ನಕ್ಕ ದಿನ ಯಲ್ಲವ್ವ ಮುಖ ಆಚೆ ತಿರುಗಿಸಿಕೊಂಡಳು, ನಗು ಕಾಣಬಾರದೆಂದು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಅವಳಿಗೆ ಅದರ ಹಕ್ಕಿತ್ತು. ಈ ನಡುವೆ ಬಂದ ಫಲಿತಾಂಶದಲ್ಲಿ ನಾನು ಪಾಸಾಗಿದ್ದೆ, ಯಾರಿಗೂ ಹೇಳಬೇಕೆನಿಸಲಿಲ್ಲ.

ಆಸ್ಪತ್ರೆಯಿಂದ ಬಿಟ್ಟದ್ದು ಮೊದಲ ಮಳೆ ಬಿದ್ದ ದಿನ. ಕಾಗದ ಪತ್ರ ಮುಗಿಯುವಷ್ಟರಲ್ಲಿ ಅಕ್ಕಲಕೋಟೆಯ ಬಸ್ಸು ತಪ್ಪಿತು. ನಮ್ಮ ಮನೆಗೆ ಬನ್ನಿ ಎಂದು ಅಪ್ಪ ಅವರಿಬ್ಬರನ್ನೂ ಕರೆತಂದ. ಮಿಲ್ಲಿನ ಚಾಳಿನಲ್ಲಿ ನಮ್ಮದು ಎರಡು ಕೋಣೆ. ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಅಪ್ಪ ಪ್ರಾರ್ಥನೆ ಮಾಡಿದ, ಭೀಮಣ್ಣ ತನ್ನ ದೇವರಿಗೆ ಕೈ ಮುಗಿದ. ನನ್ನ ಗಂಗಾಳ ಖಾಲಿಯಾದದ್ದನ್ನು ಅವ್ವ ನೋಡಿರಲಿಲ್ಲ. ಬುಟ್ಟಿ ಯಲ್ಲವ್ವನ ಪಕ್ಕದಲ್ಲಿತ್ತು. ಅವಳು ಒಂದು ರೊಟ್ಟಿ ತೆಗೆದು, ನನ್ನ ಮುಖ ನೋಡದೆ, ನನ್ನ ಗಂಗಾಳದಲ್ಲಿ ಹಾಕಿದಳು. ‘ಉಣ್ಣಪಾ’ ಎಂದಳು. ಅಷ್ಟೇ.

ಹೊರಗಿನ ಕೋಣೆಯಲ್ಲಿ ಭೀಮಣ್ಣನಿಗೂ ನನಗೂ ಒಂದೇ ಜಮಖಾನೆ ಹಾಸಿದರು. ‘ನೀವು ಚೀರತೀರೇನ್ರಿ ನಿದ್ದ್ಯಾಗ?’ ಎಂದು ಕೇಳಿದ. ಚೀರುತ್ತೇನೆ ಎಂದೆ. ‘ನಾನೂ. ಯಾರ ಮೊದಲ ಚೀರ್ತಾರೋ ಅವ್ರು ಇನ್ನೊಬ್ರನ್ನ ಎಬ್ಬಸೂದು’ ಎಂದು ಮಗ್ಗುಲಾದ.

ಮಿಲ್ಲಿನ ಭೋಂಗಾ ಬೆಳಗಿನ ಪಾಳಿಗೆ ಕೂಗಿದರೆ ನಮ್ಮ ಚಾಳಿನ ಪಾತ್ರೆ ನಡುಗುತ್ತಿದ್ದವು. ಆ ಬೆಳಿಗ್ಗೆ ಅದು ಕೂಗಿ, ಅಪ್ಪ ಕೆಲಸಕ್ಕೆ ಹೋಗಿ, ನಳದಲ್ಲಿ ನೀರು ಬಂದು ನಿಂತು ಹೋದರೂ ನನಗೆ ಗೊತ್ತಾಗಿರಲಿಲ್ಲ. ಕಣ್ಣು ಅರ್ಧ ತೆರೆದಾಗ ಕಾಲ ಬಳಿ ಬಿಸಿಲಿತ್ತು. ಪಕ್ಕದಲ್ಲಿ ಭೀಮಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹೊಸ್ತಿಲಲ್ಲಿ ಯಲ್ಲವ್ವ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಕಾಯಿಪಲ್ಲೆ ಮಾರುವವಳು ಕೂಗುತ್ತ ಬಂದು ಬಾಗಿಲಲ್ಲಿ ಬುಟ್ಟಿ ಇಳಿಸಿದಳು.

‘ಸಣ್ಣಗ ಮಾತಾಡವ್ವ’ ಎಂದಳು ಯಲ್ಲವ್ವ. ‘ನಮ್ಮಾವ್ರು ಇಬ್ರೂ ಮಲಗ್ಯಾರ.’

ನಾನು ಎಚ್ಚರ ಇದ್ದೇನೆ ಎಂದು ಹೇಳಲಿಲ್ಲ. ಕಣ್ಣು ಮುಚ್ಚಿದೆ. ಮತ್ತೆ ನಿದ್ರೆ ಬಂತು.